ಟಿಕೆಟೇ ಇಲ್ಲದ ಸೀರೀಸಿಗೆ ದುಡ್ಡು ಎಲ್ಲಿಂದ ಬರ್ತದೆ?

ಪ್ರಶ್ನೆ: ಸರ್, ನಾನು ಮಣಿಪಾಲದಲ್ಲಿ ಬಿ.ಕಾಂ. ಕೊನೇ ವರ್ಷ. ನಾವು ನಾಲ್ಕು ಜನ ರೂಮ್‌ಮೇಟ್ಸ್ ಸೇರಿ ತಿಂಗಳಿಗೆ ಇಷ್ಟು ಅಂತ ಹಾಕಿ ಓಟಿಟಿ ನೋಡ್ತೇವೆ. ಒಂದೊಂದು ಸೀರೀಸಿಗೆ 40-50 ಕೋಟಿ ಖರ್ಚು ಅಂತ ಓದ್ತೇವೆ, ಆದ್ರೆ ಅದಕ್ಕೆ ಥಿಯೇಟರ್ ಇಲ್ಲ, ಟಿಕೆಟ್ ಇಲ್ಲ, ನಾನು ಅದನ್ನ ಹತ್ತು ಸಲ ನೋಡಿದ್ರೂ ನೋಡದಿದ್ರೂ ಕಂಪೆನಿಗೆ ಹೋಗುದು ಅದೇ 199 ರೂಪಾಯಿ. ಹಾಗಾದ್ರೆ ಆ ಸೀರೀಸ್ ಲಾಭ ಆಯ್ತಾ ನಷ್ಟ ಆಯ್ತಾ ಅಂತ ಹೇಗೆ ಗೊತ್ತಾಗ್ತದೆ? ಮತ್ತೆ ನಮ್ಮ ಕರಾವಳಿ ಕಥೆ ಇಟ್ಕೊಂಡು ಕನ್ನಡದಲ್ಲಿ ಯಾಕೆ ಯಾರೂ ಸೀರೀಸ್ ಮಾಡ್ಸುದಿಲ್ಲ? ಕೇಳ್ಲಿಕ್ಕೆ ಕಾರಣ, ನನ್ನ ಅಣ್ಣ ಒಂದು ಸ್ಕ್ರಿಪ್ಟ್ ಬರ್ದು ಇಟ್ಟಿದ್ದಾನೆ.

ಉತ್ತರ: ತುಂಬಾ ಒಳ್ಳೆ ಪ್ರಶ್ನೆ ಮಾರಾಯ್ರೆ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಮೊದಲನೇದ್ರ ಒಳಗೇ ಉಂಟು, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪೂರ್ತಿ ಹೇಳ್ತೇನೆ. ನಾನು ಮಂಗಳೂರಿನಲ್ಲಿ ಕೂತು ತುಳು, ಕನ್ನಡ ಪ್ರೊಡ್ಯೂಸರ್‌ಗಳ ಲೆಕ್ಕಪತ್ರ, ಅಗ್ರಿಮೆಂಟ್ ನೋಡುವವನು, ಹಾಗಾಗಿ ಕಂಪೆನಿಯವರ ಕಡೆಯಿಂದಲೂ ಮಾಡುವವರ ಕಡೆಯಿಂದಲೂ ಎರಡೂ ಹೇಳ್ಬಹುದು.

ಸಿನಿಮಾ ಲೆಕ್ಕ ನಮ್ಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಭಾರತ್ ಮಾಲ್‌ಗೆ ಹೋಗಿ ಟಿಕೆಟ್ ತಗೊಂಡ್ರೆ ಆ ದುಡ್ಡು ಆ ಸಿನಿಮಾದ್ದು, ಟ್ಯಾಕ್ಸ್ ಹೋಗಿ, ಥಿಯೇಟರ್ ಪಾಲು ಹೋಗಿ, ಡಿಸ್ಟ್ರಿಬ್ಯೂಟರ್ ಪಾಲು ಹೋಗಿ ಪ್ರೊಡ್ಯೂಸರ್ ಕೈಗೆ ಇಷ್ಟು ಅಂತ. ಓಟಿಟಿಯಲ್ಲಿ ಸೀರೀಸ್ ಅಂತ ಒಂದು ಮಾರಾಟದ ವಸ್ತುನೇ ಇಲ್ಲ. ಅವ್ರು ಮಾರುದು ತಿಂಗಳು. ನೀವು ತಗೊಳ್ಳುದು ಒಂದು ತಿಂಗಳ ಪ್ರವೇಶ, ಅದ್ರ ಒಳಗೆ ಎಂತ ನೋಡ್ತೀರಿ ಅನ್ನುದು ನಿಮ್ಮ ಇಷ್ಟ. ಆದ್ರಿಂದ ಒರಿಜಿನಲ್ ಸೀರೀಸ್, ಅಂದ್ರೆ ಓಟಿಟಿಯವರು ತಮ್ಮದು ಅಂತ ಹೆಸರು ಹಾಕಿ ಮೊದ್ಲು ತೋರಿಸುವ ಸೀರೀಸ್, ಅದ್ರ ಕೆಲಸ ದುಡ್ಡು ಗಳಿಸುದಲ್ಲ, ನೀವು ಮುಂದಿನ ತಿಂಗಳೂ ದುಡ್ಡು ಕೊಡುವ ಹಾಗೆ ನೋಡ್ಕೊಳ್ಳುದು. ಇದೊಂದು ತಲೆಯಲ್ಲಿ ಕೂತ್ರೆ ಬಾಕಿ ಎಲ್ಲ ತನ್ನಷ್ಟಕ್ಕೆ ಬಿಡಿಸ್ಕೊಳ್ತದೆ.

ನಮ್ಮ ಕಡೆಯವರಿಗೆ ಇದು ಅರ್ಥ ಆಗದ ವಿಷಯ ಏನಲ್ಲ. ಯಕ್ಷಗಾನದ ಡೇರೆ ಮೇಳದವರು, ಅಂದ್ರೆ ಊರೂರಿಗೆ ಹೋಗಿ ಟೆಂಟ್ ಹಾಕಿ ಆಟ ಆಡುವವರು, ಪ್ರತಿ ವರ್ಷ ತಿರುಗಾಟಕ್ಕೆ ಹೊರಡುವಾಗ ಒಂದೆರಡು ಹೊಸ ಪ್ರಸಂಗ, ಅಂದ್ರೆ ಆಟದ ಕಥೆ, ತರ್ತಾರೆ, ಕಲಾವಿದರಿಗೆ ಇಡೀ ತಿರುಗಾಟದ ಸಂಬಳ ಮೊದ್ಲೇ ಮಾತಾಗಿರ್ತದೆ. ಆ ಹೊಸ ಪ್ರಸಂಗ ಒಂದ್ರಿಂದಲೇ ಎಷ್ಟು ಬಂತು ಅಂತ ಯಜಮಾನರನ್ನ ಕೇಳಿದ್ರೆ ಹೇಳ್ಲಿಕ್ಕೆ ಕಷ್ಟ, ತಿರುಗಾಟ ಮುಗಿಯುವ ಪತ್ತನಾಜೆ ದಿನ ಗೆಜ್ಜೆ ಬಿಚ್ಚುವಾಗ ಒಟ್ಟು ತಿರುಗಾಟ ಹೇಗಾಯ್ತು ಅಂತ ಹೇಳ್ತಾರೆ. ಹೊಸ ಪ್ರಸಂಗ ಹೆಸರು ತರ್ತದೆ, ಜನ ಕರೀತದೆ, ಹಳೇ ಪೌರಾಣಿಕ ಪ್ರಸಂಗಗಳು ಬಂದವರನ್ನ ಉಳಿಸ್ಕೊಳ್ತವೆ. ಓಟಿಟಿಯಲ್ಲೂ ಹೊಸ ಒರಿಜಿನಲ್ ಮತ್ತು ಹಳೇ ಲೈಬ್ರರಿ ಹಾಗೇ ಕೆಲಸ ಹಂಚಿಕೊಂಡಿವೆ.

ಈಗ ನಿಮ್ಮ 199 ರೂಪಾಯಿ ತಗೊಳ್ಳುವ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಕಮ್ಮಿ ಪ್ಲಾನೇ 500 ರೂಪಾಯಿ, 2021ರ ಡಿಸೆಂಬರ್‌ನಲ್ಲಿ ರೇಟ್ ಇಳಿಸಿದ್ರು, 499ರ ಬೇಸಿಕ್ ಪ್ಲಾನ್ 199ಕ್ಕೆ ಬಂತು, ಮೊಬೈಲ್ ಪ್ಲಾನ್ 149ಕ್ಕೆ. ಈ 199ರ ಒಳಗೆ ಶೇಕಡಾ 18 ಜಿಎಸ್‌ಟಿ ಸೇರಿರ್ತದೆ, ಅದು ಸುಮಾರು 30 ರೂಪಾಯಿ, ಕಂಪೆನಿಗೆ ಉಳಿಯುದು 168ರಷ್ಟು. ಅದ್ರಲ್ಲಿ ಪೇಮೆಂಟ್ ಚಾರ್ಜ್, ಸರ್ವರ್, ಜಾಹೀರಾತು, ಆಫೀಸು ಎಲ್ಲ. ಉಳಿದದ್ದು ಯಾವ ಸೀರೀಸಿನ ಖಾತೆಗೂ ಹೋಗುದಿಲ್ಲ, ಒಟ್ಟಿಗೆ ಬೀಳ್ತದೆ. 2024ರಲ್ಲಿ ನೆಟ್‌ಫ್ಲಿಕ್ಸಿಗೆ ಪ್ರಪಂಚದಾದ್ಯಂತ 30 ಕೋಟಿಗೂ ಹೆಚ್ಚು ಚಂದಾದಾರರಿದ್ರು, ಆ ವರ್ಷದ ಒಟ್ಟು ಆದಾಯ ಸುಮಾರು 3,900 ಕೋಟಿ ಡಾಲರ್, ಕಂಟೆಂಟಿಗೆ ಹಾಕಿದ್ದು ಸುಮಾರು 1,700 ಕೋಟಿ ಡಾಲರ್. ಕಂಪೆನಿಗೆ ಲಾಭ ಉಂಟಾ ಇಲ್ವಾ ಅನ್ನುದು ಈ ಎರಡು ದೊಡ್ಡ ಅಂಕಿಗಳ ನಡುವೆ ತೀರ್ಮಾನ ಆಗುದು, ಒಂದೊಂದು ಸೀರೀಸಿನಲ್ಲಿ ಅಲ್ಲ.

ಹಾಗಂತ ಒಂದೊಂದು ಸೀರೀಸಿನ ಲೆಕ್ಕ ಅವ್ರು ಇಡುದಿಲ್ಲ ಅಂತಲ್ಲ, ಇಡ್ತಾರೆ, ಭಾರೀ ಸೂಕ್ಷ್ಮವಾಗಿ ಇಡ್ತಾರೆ, ಆದ್ರೆ ಬೇರೆ ರೀತಿಯಲ್ಲಿ. ಹೊಸತಾಗಿ ಸೇರಿದವರು ಸೇರಿದ ಕೂಡ್ಲೇ ಮೊದ್ಲು ಒತ್ತಿದ್ದು ಯಾವುದು, ಶುರು ಮಾಡಿದವರಲ್ಲಿ ಎಷ್ಟು ಜನ ಕೊನೇ ಎಪಿಸೋಡ್ ತನಕ ಹೋದ್ರು, ಎಷ್ಟು ದಿನದೊಳಗೆ ಮುಗಿಸಿದ್ರು, ತಿಂಗಳುಗಟ್ಟಲೆ ಆ್ಯಪ್ ತೆರೆಯದೆ ಇನ್ನೇನು ಬಿಟ್ಟು ಹೋಗ್ತಾರೆ ಅನ್ನುವ ಸ್ಥಿತಿಯಲ್ಲಿದ್ದವರು ಯಾವ ಸೀರೀಸಿಗೆ ವಾಪಸ್ ಬಂದ್ರು, ಹೀಗೆ. ಇದ್ರಿಂದ ಈ ಸೀರೀಸ್ ಇಲ್ಲದಿದ್ರೆ ನಮ್ಗೆ ಎಷ್ಟು ಜನರ ಎಷ್ಟು ತಿಂಗಳು ತಪ್ತಿತ್ತು ಅಂತ ಒಂದು ಅಂದಾಜು ಮಾಡ್ತಾರೆ, ಆ ಅಂದಾಜನ್ನ ಖರ್ಚಿನ ಪಕ್ಕ ಇಟ್ಟು ನೋಡ್ತಾರೆ. ನೆಟ್‌ಫ್ಲಿಕ್ಸಿನ ಕೊರಿಯನ್ ಸೀರೀಸ್ ಸ್ಕ್ವಿಡ್ ಗೇಮ್ 2021ರಲ್ಲಿ ಬಂದಾಗ ಕಂಪೆನಿಯ ಒಳಗಿನ ಕಾಗದಗಳನ್ನ ನೋಡಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಬರೆದ ಪ್ರಕಾರ ಅದ್ರ ಖರ್ಚು 2.14 ಕೋಟಿ ಡಾಲರ್, ಕಂಪೆನಿ ಅದಕ್ಕೆ ಕಟ್ಟಿದ ಬೆಲೆ ಸುಮಾರು 89 ಕೋಟಿ ಡಾಲರ್. ಗಮನಿಸಿ, 89 ಕೋಟಿ ಡಾಲರ್ ಎಲ್ಲಿಂದಲೂ ಬಂದು ಬಿದ್ದದ್ದಲ್ಲ, ಅದು ಕಟ್ಟಿದ ಬೆಲೆ ಮಾತ್ರ. ಪೇಪರಿನಲ್ಲಿ ಇಷ್ಟು ಗಳಿಸಿತು ಅಂತ ಬಂದ್ರೆ ಆ ಗಳಿಸಿತು ಅನ್ನುವ ಜಾಗದಲ್ಲಿ ಸ್ವಲ್ಪ ನಿಂತು ಯೋಚನೆ ಮಾಡ್ಬೇಕು.

ನೀವು ಬಿ.ಕಾಂ. ಆದ್ರಿಂದ ಒಂದು ಲೆಕ್ಕ ಹಾಕಿ ತೋರಿಸ್ತೇನೆ, ಅಂಕಿಗಳು ನಾನು ಉದಾಹರಣೆಗೆ ಹಿಡಿದದ್ದು. ಒಂದು ಓಟಿಟಿಗೆ 50 ಲಕ್ಷ ಚಂದಾದಾರರು, ತಿಂಗಳಿಗೆ ನೂರರಲ್ಲಿ ಐದು ಜನ ಬಿಟ್ಟು ಹೋಗ್ತಾರೆ ಅಂತ ಇಟ್ಕೊಳ್ಳಿ. ಹಾಗಾದ್ರೆ ಒಬ್ಬ ಸರಾಸರಿ 20 ತಿಂಗಳು ಇರ್ತಾನೆ. ಒಂದರ ಹಿಂದೆ ಒಂದು ಒಳ್ಳೆ ಸೀರೀಸ್ ಬಂದು ಬಿಟ್ಟು ಹೋಗುವವರು ಐದರಿಂದ ನಾಲ್ಕಕ್ಕೆ ಇಳಿದ್ರು ಅಂದ್ರೆ ಸರಾಸರಿ 25 ತಿಂಗಳಾಯ್ತು. ಐದು ತಿಂಗಳು ಜಾಸ್ತಿ, ತಿಂಗಳಿಗೆ 168, ಒಬ್ಬನ ಮೇಲೆ 840 ರೂಪಾಯಿ, 50 ಲಕ್ಷ ಜನಕ್ಕೆ 420 ಕೋಟಿ. ನೂರರಲ್ಲಿ ಒಬ್ಬ ಜಾಸ್ತಿ ಉಳಿದದ್ದಕ್ಕೆ! 40 ಕೋಟಿಯ ಸೀರೀಸ್ ಮಾಡ್ಲಿಕ್ಕೆ ಧೈರ್ಯ ಎಲ್ಲಿಂದ ಬರ್ತದೆ ಅಂತ ಕೇಳಿದ್ರಲ್ಲ, ಇಲ್ಲಿಂದ. ಇದ್ರ ಮೇಲೆ ಹೊಸತಾಗಿ ಸೇರುವವರು ಬೇರೆ. ಎಪಿಸೋಡುಗಳನ್ನ ಒಂದೇ ಸಲ ಬಿಡದೆ ವಾರಕ್ಕೊಂದರ ಹಾಗೆ ಬಿಡುದು, ಒಂದು ಸೀಸನ್ ಎರಡು ತುಂಡು ಮಾಡಿ ಒಂದು ತಿಂಗಳ ಆಚೆ ಒಂದು ತಿಂಗಳ ಈಚೆ ಹಾಕುದು, ಇದೆಲ್ಲ ಕಥೆಗೋಸ್ಕರ ಮಾಡುದಲ್ಲ, ನೀವು ಒಂದು ತಿಂಗಳು ತಗೊಂಡು ಎರಡು ದಿನದಲ್ಲಿ ನೋಡಿ ಮುಗಿಸಿ ಹೋಗ್ಬಾರ್ದು ಅಂತ.

ಭಾರತದಲ್ಲಿ ಈ ಬಿಟ್ಟು ಹೋಗುದು ಇನ್ನೂ ಸುಲಭ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬಂತಲ್ಲ, ಆಟೋ ಪೇಮೆಂಟ್ ಕಟ್ ಆಗುವ 24 ಗಂಟೆ ಮೊದ್ಲು ಗ್ರಾಹಕನಿಗೆ ಮೆಸೇಜ್ ಹೋಗ್ಬೇಕು ಅಂತ. ಗ್ರಾಹಕನಿಗೆ ತುಂಬಾ ಒಳ್ಳೇದು, ಆದ್ರೆ ಮರ್ತುಹೋಗಿ ಕಟ್ಟುವವರ ದುಡ್ಡು ಅಂತ ಒಂದು ಆದಾಯ ಈ ವ್ಯಾಪಾರದಲ್ಲಿ ಇತ್ತು, ಅದು ಇಲ್ಲಿ ಕಮ್ಮಿ. ಮೆಸೇಜ್ ಬಂದಾಗ ನಾವು ಯೋಚನೆ ಮಾಡ್ತೇವೆ, ಈ ತಿಂಗಳು ಎಂತ ನೋಡಿದ್ದೇವೆ ಅಂತ, ಆ ಹೊತ್ತಿಗೆ ತಲೆಗೆ ಒಂದು ಹೆಸರು ಬರ್ಬೇಕು, ಆ ಹೆಸರೇ ಒರಿಜಿನಲ್. ನೀವು ನಾಲ್ಕು ಜನ ಸೇರಿ ಒಂದು ಅಕೌಂಟ್ ಅಂದ್ರಿ. ಒಂದೇ ರೂಮಿನಲ್ಲಿ ಇರುವ ತನಕ ತೊಂದ್ರೆ ಇಲ್ಲ, ರಜೆಗೆ ನಾಲ್ಕು ಊರಿಗೆ ಹೋದ್ಮೇಲೂ ಅದೇ ಅಕೌಂಟ್ ನಡೀತಿತ್ತು, ಅದನ್ನೇ 2023ರ ಜುಲೈಯಿಂದ ನೆಟ್‌ಫ್ಲಿಕ್ಸ್ ಭಾರತದಲ್ಲಿ ನಿಲ್ಲಿಸಿದ್ದು. ಹೊಸ ಸೀರೀಸಿಗೆ ಒಂದು ರೂಪಾಯಿ ಖರ್ಚು ಮಾಡದೆ ಹೊಸ ಚಂದಾದಾರರು ಸಿಕ್ಕಿದ್ರು ಅವ್ರಿಗೆ.

ಇಷ್ಟೆಲ್ಲ ಇದ್ರೂ ಬೇರೆಯವರ ಸೀರೀಸ್ ಬಾಡಿಗೆಗೆ ತಂದು ಹಾಕಿದ್ರೆ ಸಾಲದಾ, ಸ್ವಂತ ಯಾಕೆ ಮಾಡ್ಬೇಕು ಅಂತ ಕೇಳ್ಬಹುದು. ನೋಡ್ಲಿಕ್ಕೆ ಹೋದ್ರೆ ಬಾಡಿಗೆಯದ್ದೇ ಜಾಸ್ತಿ ಓಡುದು. ಸೂಟ್ಸ್ ಅಂತ ಅಮೆರಿಕದ ಒಂದು ಹಳೇ ಸೀರೀಸ್, 2019ರಲ್ಲೇ ಮುಗಿದದ್ದು, 2023ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದದ್ದೇ ಬಂದದ್ದು, ಆ ವರ್ಷ ಅಮೆರಿಕದಲ್ಲಿ ಜನ ಅದನ್ನ 5,770 ಕೋಟಿ ನಿಮಿಷ ನೋಡಿದ್ರು ಅಂತ ವೀಕ್ಷಣೆ ಅಳೆಯುವ ನೀಲ್ಸನ್ ಕಂಪೆನಿಯ ಲೆಕ್ಕ. ಒಂದೇ ಒಂದು ಒರಿಜಿನಲ್ ಕೂಡ ಅದ್ರ ಮುಂದೆ ನಿಲ್ಲಲಿಲ್ಲ. ಆದ್ರೆ ಬಾಡಿಗೆ ಅಂದ್ರೆ ಬಾಡಿಗೆಯೇ. ಫ್ರೆಂಡ್ಸ್ ಸೀರೀಸನ್ನ 2019 ಒಂದು ವರ್ಷ ಉಳಿಸ್ಕೊಳ್ಳಿಕ್ಕೆ ನೆಟ್‌ಫ್ಲಿಕ್ಸ್ ಸುಮಾರು 10 ಕೋಟಿ ಡಾಲರ್ ಕೊಟ್ಟಿತು ಅಂತ ಆಗ ಸುದ್ದಿ ಆಗಿತ್ತು, ವರ್ಷ ಮುಗಿದ ಕೂಡ್ಲೇ ಮಾಲಕರು ಅದನ್ನ ತಮ್ಮದೇ ಓಟಿಟಿಗೆ ಕೊಂಡೋದ್ರು. ಮಾಲು ಕೊಡುವವನೇ ನಾಳೆ ಎದುರು ಅಂಗಡಿ ಹಾಕ್ತಾನೆ ಅಂತ ಗೊತ್ತಾದ್ಮೇಲೆ ಯಾರು ಸುಮ್ಮನೆ ಕೂರ್ತಾರೆ? 2013ರಲ್ಲಿ ಹೌಸ್ ಆಫ್ ಕಾರ್ಡ್ಸ್‌ನಿಂದ ನೆಟ್‌ಫ್ಲಿಕ್ಸ್ ಒರಿಜಿನಲ್ ದಾರಿ ಹಿಡಿದದ್ದು ಇದೇ ಹೆದರಿಕೆಯಿಂದ. ಆಶ್ಚರ್ಯ ಏನಂದ್ರೆ ಅದು ಕೂಡ ಪೂರ್ತಿ ಅವ್ರದ್ದಾಗಿರ್ಲಿಲ್ಲ, ಬೇರೆ ಸ್ಟುಡಿಯೋ ಮಾಡಿದ್ದನ್ನ ಮೊದ್ಲು ತೋರಿಸುವ ಹಕ್ಕು ತಗೊಂಡದ್ದು. ಒರಿಜಿನಲ್ ಅಂತ ಮೇಲೆ ಅಚ್ಚು ಹಾಕಿದ ಎಲ್ಲವೂ ಕಂಪೆನಿ ಸ್ವಂತ ಮಾಡಿದ್ದು ಅಂತ ತಿಳ್ಕೊಳ್ಬೇಡಿ. ಕಾಂತಾರ ಪ್ರೈಮಿನಲ್ಲಿ ಬಂತು ಅಂದ್ರೆ ಅದು ಪ್ರೈಮ್ ಒರಿಜಿನಲ್ ಅಲ್ಲ, ಥಿಯೇಟರಿನಲ್ಲಿ ಓಡಿದ ಸಿನಿಮಾದ ಡಿಜಿಟಲ್ ಹಕ್ಕು, ಅದು ಬೇರೆಯೇ ವ್ಯವಹಾರ.

ಅಕೌಂಟಿಂಗ್ ಒಂದು ಮಾತು ಹೇಳಿ ಮುಂದೆ ಹೋಗ್ತೇನೆ. ಸೀರೀಸಿಗೆ ಹಾಕಿದ 40 ಕೋಟಿಯನ್ನ ಅದೇ ವರ್ಷ ಖರ್ಚು ಅಂತ ಬರೆಯುದಿಲ್ಲ, ಆಸ್ತಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಕೂತಿರ್ತದೆ, ಆಮೇಲೆ ವರ್ಷಾವರ್ಷ ಕರಗ್ತದೆ, ಮೊದಲ ವರ್ಷ ಜಾಸ್ತಿ, ಮತ್ತೆ ಕಮ್ಮಿ. ನೆಟ್‌ಫ್ಲಿಕ್ಸ್ ತನ್ನ ವರದಿಯಲ್ಲಿ ಹೇಳುವ ಪ್ರಕಾರ ಸರಾಸರಿ ಶೇಕಡಾ 90ಕ್ಕೂ ಹೆಚ್ಚು ಭಾಗ ನಾಲ್ಕು ವರ್ಷದೊಳಗೆ ಬರ್ದು ಮುಗೀತದೆ. ಹಾಗಾಗಿ ಐದನೇ ವರ್ಷವೂ ಜನ ನೋಡುವ ಸೀರೀಸ್ ಅಂದ್ರೆ ಲೆಕ್ಕದ ಪುಸ್ತಕದಲ್ಲಿ ಹೆಚ್ಚುಕಮ್ಮಿ ಬೆಲೆ ಇಲ್ಲದ್ದು, ಆದ್ರೆ ಚಂದಾದಾರರನ್ನ ಹಿಡಿದಿಟ್ಕೊಳ್ಳುದು. ಅದೇ ನಿಜವಾದ ಲಾಭ. ತಿರುಗಿಸಿ ನೋಡಿ, ನೋಡುವವರೇ ಇಲ್ಲದಿದ್ರೆ ಅದು ಹೊರೆ, ಯಾಕಂದ್ರೆ ಕೆಲವು ಕಡೆ ಕಲಾವಿದರಿಗೆ, ಬರಹಗಾರರಿಗೆ ವರ್ಷಾವರ್ಷ ಕೊಡ್ಬೇಕಾದ್ದು ಇರ್ತದೆ. 2023ರ ಮೇ ತಿಂಗಳಲ್ಲಿ ಡಿಸ್ನಿಯವರು ತಾವೇ ಮಾಡಿದ ಹತ್ತಾರು ಒರಿಜಿನಲ್‌ಗಳನ್ನ ತಮ್ಮದೇ ಓಟಿಟಿಯಿಂದ ತೆಗೆದು ಹಾಕಿ ಸುಮಾರು 150 ಕೋಟಿ ಡಾಲರ್ ನಷ್ಟ ಬರ್ಕೊಂಡ್ರು. ಅಷ್ಟು ಜನ ಕಷ್ಟಪಟ್ಟು ಮಾಡಿದ್ದು, ದುಡ್ಡು ಕೊಟ್ರೂ ನೋಡ್ಲಿಕ್ಕೆ ಸಿಗದ ಹಾಗೆ ಆಯ್ತು. ಲೆಕ್ಕದಲ್ಲಿ ಅದು ಸರಿ ಇರ್ಬಹುದು, ನನಗಂತೂ ಅದು ಬಹಳ ಬೇಸರದ ಕೆಲಸ ಅಂತಲೇ ಅನಿಸಿದ್ದು.

ಚೆನ್ನಾಗಿ ಓಡ್ತಿದ್ದ ಸೀರೀಸ್ ಎರಡನೇ ಮೂರನೇ ಸೀಸನ್‌ಗೆ ನಿಲ್ಲುದು ಯಾಕೆ ಅನ್ನುದಕ್ಕೂ ಉತ್ತರ ಇಲ್ಲೇ. ಸೀಸನ್ ಹೋದ ಹಾಗೆ ನಟರ ಸಂಭಾವನೆ ಏರ್ತದೆ, ಸೆಟ್ ದೊಡ್ಡದಾಗ್ತದೆ, ಆದ್ರೆ ಈ ಸೀರೀಸಿಗೋಸ್ಕರ ಹೊಸತಾಗಿ ಸೇರುವವರು ಮೊದಲ ಸೀಸನ್ನಿಗೇ ಸೇರಿ ಆಗಿರ್ತದೆ. ನೋಡುವವರು ಎಷ್ಟಿದ್ದಾರೆ ಅನ್ನುದಕ್ಕಿಂತ ಇದು ನಿಂತ್ರೆ ಬಿಟ್ಟು ಹೋಗುವವರು ಎಷ್ಟಿದ್ದಾರೆ ಅನ್ನುದು ಅವ್ರಿಗೆ ಮುಖ್ಯ.

ಬೇರೆ ಆದಾಯಗಳನ್ನ ಬೇಗ ಹೇಳಿ ಮುಗಿಸ್ತೇನೆ. ಅಮೆಜಾನ್‌ಗೆ ಸೀರೀಸ್ ಅಂದ್ರೆ ಪ್ರೈಮ್ ಮೆಂಬರ್‌ಗಳನ್ನ ಇಟ್ಕೊಳ್ಳುವ ದಾರಿ, ಮೆಂಬರ್ ಆದವ ಸಾಮಾನು ಜಾಸ್ತಿ ತರ್ಸ್ತಾನೆ, ಗೋಲ್ಡನ್ ಗ್ಲೋಬ್ ಪ್ರಶಸ್ತಿ ಗೆದ್ರೆ ನಮ್ಗೆ ಜಾಸ್ತಿ ಶೂ ಮಾರ್ಲಿಕ್ಕೆ ಆಗ್ತದೆ ಅಂತ ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ 2016ರಲ್ಲಿ ಬಹಿರಂಗವಾಗಿಯೇ ಹೇಳಿದ್ದುಂಟು. 2025ರ ಜೂನ್‌ನಿಂದ ಭಾರತದಲ್ಲಿ ಪ್ರೈಮ್ ವಿಡಿಯೋ ಒಳಗೂ ಜಾಹೀರಾತು ಬಂತು, ಬೇಡ ಅಂದ್ರೆ ವರ್ಷಕ್ಕೆ 699 ಜಾಸ್ತಿ ಕೊಡಿ ಅಂತ. ಜಿಯೋಹಾಟ್‌ಸ್ಟಾರಿನ ಕಥೆ ಇನ್ನೊಂದು ತರ, ಅಲ್ಲಿ ಕ್ರಿಕೆಟ್ ಜನ ತರ್ತದೆ, 2023ರಿಂದ 2027ರ ಐಪಿಎಲ್ ಡಿಜಿಟಲ್ ಹಕ್ಕಿಗೇ 23,758 ಕೋಟಿ ರೂಪಾಯಿ ಕೊಟ್ಟದ್ದು, ಐಪಿಎಲ್ ಮುಗಿದ್ಮೇಲೆ ಆ ಜನ ಹೋಗದ ಹಾಗೆ ಸೀರೀಸ್, ರಿಯಾಲಿಟಿ ಶೋ ಎಲ್ಲ. ಮತ್ತೆ ಮೊಬೈಲ್ ರೀಚಾರ್ಜ್, ಫೈಬರ್ ಕನೆಕ್ಷನ್ ಜೊತೆ ಫ್ರೀ ಅಂತ ಸಿಗ್ತದಲ್ಲ, ಅದು ಫ್ರೀ ಅಲ್ಲ, ಟೆಲಿಕಾಂ ಕಂಪೆನಿ ತಲೆಗೆ ಇಷ್ಟು ಅಂತ ಹೋಲ್‌ಸೇಲ್ ರೇಟಿನಲ್ಲಿ ಓಟಿಟಿಗೆ ಕಟ್ತದೆ. ಹಾಗೆ ಬಂದ ಚಂದಾದಾರ ಬಿಟ್ಟು ಹೋಗುದು ಕಮ್ಮಿ, ಕೊಡುದೂ ಕಮ್ಮಿ.

ಇನ್ನು ಮಾಡುವವರ ಕಡೆಗೆ ಬರುವ, ನಿಮ್ಮ ಅಣ್ಣನಿಗೆ ಬೇಕಾದ್ದು ಇದು.

ಒರಿಜಿನಲ್ ಅಂದ್ರೆ ಸಾಮಾನ್ಯವಾಗಿ ಓಟಿಟಿಯವರು ಮಾಡ್ಸುವ ಖರ್ಚು ಪೂರ್ತಿ ಕೊಟ್ಟು ಅದ್ರ ಮೇಲೆ ಇಷ್ಟು ಪರ್ಸೆಂಟ್ ಅಂತ ಪ್ರೊಡ್ಯೂಸರ್‌ಗೆ ಲಾಭ ಕೊಡ್ತಾರೆ. ಕೇಳ್ಲಿಕ್ಕೆ ಭಾರೀ ಚಂದ, ಯಾಕಂದ್ರೆ ಸಿನಿಮಾದಲ್ಲಿ ಪ್ರೊಡ್ಯೂಸರ್ ಮನೆ ಅಡವಿಡುವ ಪರಿಸ್ಥಿತಿ ಬರ್ತದೆ, ಇಲ್ಲಿ ಆ ಭಯ ಇಲ್ಲ. ಬದಲಿಗೆ ಎಲ್ಲ ಹಕ್ಕೂ ಅವ್ರಿಗೆ. ಅಗ್ರಿಮೆಂಟಿನಲ್ಲಿ ಆ ಒಂದು ಪ್ಯಾರಾ ಓದಿದ್ರೆ ನೀವು ದಂಗಾಗ್ತೀರಿ, ಈಗ ಇರುವ ಮುಂದೆ ಕಂಡುಹಿಡಿಯುವ ಎಲ್ಲ ಮಾಧ್ಯಮದಲ್ಲಿ, ಎಲ್ಲ ಭಾಷೆಯಲ್ಲಿ, ಇಡೀ ಬ್ರಹ್ಮಾಂಡದಲ್ಲಿ, ಶಾಶ್ವತವಾಗಿ ಅಂತ ನಿಜವಾಗಿಯೂ ಬರ್ದಿರ್ತದೆ. ಸ್ಕ್ವಿಡ್ ಗೇಮ್ ಮಾಡಿದ ಹ್ವಾಂಗ್ ಡಾಂಗ್-ಹ್ಯೂಕ್ ಅವ್ರು ಮೊದಲ ಸೀಸನ್ ಅಷ್ಟು ದೊಡ್ಡ ಹಿಟ್ ಆದ್ರೂ ತನಗೆ ಅಂಥ ದುಡ್ಡು ಸಿಗ್ಲಿಲ್ಲ ಅಂತ ಆಮೇಲೆ ಹೇಳಿಕೊಂಡ್ರು, ಅಗ್ರಿಮೆಂಟ್ ಪ್ರಕಾರ ಕೊಡ್ಬೇಕಾದ್ದು ಕೊಟ್ಟಾಗಿತ್ತು, ಅಷ್ಟೆ. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಮಾಡಿದ್ದಕ್ಕೆ ಒಂದು ಮುಖ್ಯ ಕಾರಣ ಇದೇ, ಅದ್ರ ನಂತರ ಅಲ್ಲಿ ಒಂದು ನಿಯಮ ಬಂತು, ಸೀರೀಸ್ ಬಂದು 90 ದಿನದೊಳಗೆ ಅಮೆರಿಕದ ಚಂದಾದಾರರಲ್ಲಿ ಶೇಕಡಾ 20ರಷ್ಟು ವೀಕ್ಷಣೆ ದಾಟಿದ್ರೆ ಬರಹಗಾರರಿಗೆ ಬೋನಸ್. ಅಂಥ ಒಂದು ಒಟ್ಟು ಒಪ್ಪಂದ ನಮ್ಮಲ್ಲಿ ಇಲ್ಲ, ಬರ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ದುಡ್ಡು ಒಂದೇ ಸಲ ಬರುದಿಲ್ಲ, ಕಂತು ಕಂತು: ಸೈನ್ ಮಾಡುವಾಗ ಸ್ವಲ್ಪ, ಶೂಟಿಂಗ್ ಶುರು ಆಗುವಾಗ, ಮುಗಿದಾಗ, ಎಡಿಟ್ ಒಪ್ಪಿದಾಗ, ಕೊನೇದು ಡೆಲಿವರಿ ಕೊಟ್ಟು ಕ್ಯೂಸಿ, ಅಂದ್ರೆ ಅವ್ರ ಗುಣಮಟ್ಟದ ಪರೀಕ್ಷೆ, ಪಾಸ್ ಆದ್ಮೇಲೆ. ಈ ಕ್ಯೂಸಿ ನಮ್ಮ ಕಡೆಯವರಿಗೆ ಹೊಸತು. ಥಿಯೇಟರಿನಲ್ಲಿ ನಡೆಯುವ ಎಷ್ಟೋ ವಿಷಯ ಅಲ್ಲಿ ನಡೆಯುದಿಲ್ಲ. ನಾನು ಹತ್ತಿರದಿಂದ ನೋಡಿದ ಒಂದು ಕೇಸ್ ಹೇಳ್ತೇನೆ. ಕುಂದಾಪುರ ಕಡೆ ರಾತ್ರಿ ಯಕ್ಷಗಾನ ಆಟದ ಸೀನ್, ನಿಜವಾದ ಹಿಮ್ಮೇಳ ಕೂರಿಸಿ ಲೈವ್ ಸೌಂಡ್ ತೆಗೆದಿದ್ರು, ಎದುರಿನಲ್ಲಿ ಇಬ್ಬರು ಕುರ್ಚಿಯಲ್ಲಿ ಕೂತು ಪಿಸುಪಿಸು ಮಾತಾಡುದು, ಹಿಂದೆ ಚೆಂಡೆ, ಕೇಳ್ಲಿಕ್ಕೆ ಮೈ ಜುಮ್ ಅನ್ನುವ ಹಾಗೆ ಬಂದಿತ್ತು. ಡೆಲಿವರಿ ಲಿಸ್ಟಿನಲ್ಲಿ ಎಂ ಆಂಡ್ ಇ ಟ್ರ್ಯಾಕ್ ಅಂತ ಒಂದು ಉಂಟು, ಮಾತು ಪೂರ್ತಿ ತೆಗೆದು ಸಂಗೀತ ಮತ್ತು ಬಾಕಿ ಸದ್ದು ಮಾತ್ರ ಇರುವ ಟ್ರ್ಯಾಕ್, ಬೇರೆ ಭಾಷೆಗೆ ಡಬ್ ಮಾಡ್ಲಿಕ್ಕೆ ಬೇಕಾದ್ದು. ಇಲ್ಲಿ ಮಾತೂ ಚೆಂಡೆಯೂ ಒಂದೇ ಮೈಕಿನಲ್ಲಿ ಸೇರಿಹೋಗಿದೆ, ಮಾತು ತೆಗೆದ್ರೆ ಚೆಂಡೆಯೂ ಹೋಗ್ತದೆ. ವಾಪಸ್ ಬಂತು. ಪುನಃ ಹಿಮ್ಮೇಳದವರನ್ನ ಸ್ಟುಡಿಯೋಗೆ ಕರ್ಸಿ, ಚಿತ್ರ ನೋಡಿಕೊಂಡು ಪೆಟ್ಟಿಗೆ ಪೆಟ್ಟು ಕೂರಿಸಿ, ಕಾಲ್ಗೆಜ್ಜೆ ಸದ್ದು, ಕುರ್ಚಿ ಎಳೆದ ಸದ್ದು, ಜನರ ಗೌಜಿ ಎಲ್ಲ ಹೊಸತಾಗಿ ಮಾಡಿ ಕಳಿಸುವ ತನಕ ಕೊನೇ ಕಂತು ನಿಂತಿತ್ತು, ಆ ಹೆಚ್ಚಿನ ಖರ್ಚು ಪ್ರೊಡ್ಯೂಸರ್ ಕೈಯಿಂದಲೇ ಹೋದದ್ದು, ಯಾಕಂದ್ರೆ ಬಜೆಟ್ ಮೊದ್ಲೇ ಒಪ್ಪಿ ಆಗಿತ್ತು. ಅವ್ರ ಲಾಭದ ಪರ್ಸೆಂಟ್ ಹೆಚ್ಚುಕಮ್ಮಿ ಪೂರ್ತಿ ಅದ್ರಲ್ಲೇ ಕರಗಿತು.

ಈಗ ನಿಮ್ಮ ಎರಡನೇ ಪ್ರಶ್ನೆ, ಕನ್ನಡದಲ್ಲಿ ಯಾಕೆ ಇಲ್ಲ.

ತುಂಬಾ ಜನ ಹೇಳುದು ಕನ್ನಡದವರು ನೋಡುದಿಲ್ಲ ಅಂತ. ನಾನು ಒಪ್ಪುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರ್ಸಿದವರು 4.37 ಕೋಟಿ, ಯುರೋಪಿನ ಎಷ್ಟೋ ದೇಶಕ್ಕಿಂತ ಜಾಸ್ತಿ. ತೊಂದ್ರೆ ಎಲ್ಲಿ ಅಂದ್ರೆ ನಾನು ಮೊದ್ಲು ಹೇಳಿದ ಲೆಕ್ಕದಲ್ಲಿ. ಓಟಿಟಿಯವರು ಕೇಳುದು ಈ ಸೀರೀಸ್ ಎಷ್ಟು ಜನ ನೋಡ್ತಾರೆ ಅಂತ ಅಲ್ಲ, ಈ ಸೀರೀಸ್ ಇಲ್ಲದಿದ್ರೆ ಎಷ್ಟು ಜನ ದುಡ್ಡು ಕೊಡುದಿಲ್ಲ ಅಂತ. ಮಂಗಳೂರು, ಉಡುಪಿ, ಬೆಂಗಳೂರಿನಲ್ಲಿ ಓಟಿಟಿಗೆ ದುಡ್ಡು ಕೊಡುವ ಮನೆಗಳನ್ನ ನೋಡಿ, ಹಿಂದಿ ಬರ್ತದೆ, ಇಂಗ್ಲಿಷ್ ಬರ್ತದೆ, ನಮ್ಮ ಕಡೆಯಂತೂ ಮಲಯಾಳ ಅರ್ಥ ಆಗದವರು ಕಮ್ಮಿ. ಅಂಥ ಮನೆ ಹಿಂದಿ ಸೀರೀಸಿಗೆ, ಮಲಯಾಳ ಸಿನಿಮಾಕ್ಕೆ, ಕ್ರಿಕೆಟಿಗೆ ಆಗ್ಲೇ ಚಂದಾ ಕಟ್ಟಿ ಆಗಿದೆ. ಕನ್ನಡ ಸೀರೀಸ್ ಬಂದ್ರೆ ಖುಷಿಯಿಂದ ನೋಡ್ತಾರೆ, ಆದ್ರೆ ಕಂಪೆನಿಗೆ ಹೊಸ ರೂಪಾಯಿ ಬರುದಿಲ್ಲ. ನಾವು ಎಲ್ಲ ಭಾಷೆ ಕಲ್ತು ನೋಡುವ ಅಭ್ಯಾಸವೇ ಅವ್ರ ಎಕ್ಸೆಲ್ ಶೀಟಿನಲ್ಲಿ ಕನ್ನಡದ ಎದುರು ಸೊನ್ನೆ ಬರೀತದೆ. ಇದ್ರ ಮೇಲೆ ಡಬ್ಬಿಂಗ್. ಸಿನಿಮಾ, ಟಿವಿಯಲ್ಲಿ ಡಬ್ಬಿಂಗ್ ಬರದ ಹಾಗೆ ವರ್ಷಗಟ್ಟಲೆ ತಡೆದಿದ್ದನ್ನ 2015ರಲ್ಲಿ ಸ್ಪರ್ಧಾ ಆಯೋಗ ತಪ್ಪು ಅಂತ ಹೇಳಿತು, ಈಗ ಕೋಟಿಗಟ್ಟಲೆ ಖರ್ಚಿನ ಹಿಂದಿ ಸೀರೀಸ್ ಕನ್ನಡ ಧ್ವನಿಯಲ್ಲಿ ಹಾಕ್ಲಿಕ್ಕೆ ಅದ್ರ ಸಣ್ಣ ಒಂದು ಭಾಗ ಸಾಕು. ನೋಡುವವರಿಗೆ ಆಯ್ಕೆ ಸಿಕ್ಕಿದ್ದು ಒಳ್ಳೇದೇ, ಆದ್ರೆ ಕನ್ನಡದಲ್ಲೇ ಮಾಡ್ಸುವ ಅಗತ್ಯ ಅವ್ರಿಗೆ ಇನ್ನಷ್ಟು ಕಮ್ಮಿ ಆಯ್ತು. ತುಳುವಿಗಂತೂ ಅದೇ ಜನಗಣತಿಯಲ್ಲಿ 18.46 ಲಕ್ಷ ಜನ, ಆ ಲೆಕ್ಕ ಇಟ್ಕೊಂಡು ದೊಡ್ಡ ಓಟಿಟಿ ಒರಿಜಿನಲ್ ಮಾಡ್ಲಿಕ್ಕೆ ಸದ್ಯಕ್ಕೆ ಬರುದಿಲ್ಲ.

ಸಮಯವೂ ಕೆಟ್ಟದಾಗಿ ಕೂಡಿಬಂತು. ಕೋವಿಡ್ ಹೊತ್ತಿಗೆ, 2020ರಲ್ಲಿ, ಕನ್ನಡ ಸಿನಿಮಾಗಳೇ ನೇರವಾಗಿ ಓಟಿಟಿಗೆ ಬಂದವು, ಎಲ್ರಿಗೂ ಆಸೆ ಹುಟ್ಟಿತು. ಆದ್ರೆ 2022ರ ಮೊದಲ ಆರು ತಿಂಗಳಲ್ಲಿ ನೆಟ್‌ಫ್ಲಿಕ್ಸಿಗೆ ಹನ್ನೊಂದು ಲಕ್ಷಕ್ಕೂ ಜಾಸ್ತಿ ಚಂದಾದಾರರು ಕಮ್ಮಿ ಆದ್ರು, ಏಪ್ರಿಲ್‌ನಲ್ಲಿ ಒಂದೇ ದಿನ ಶೇರು ಶೇಕಡಾ 35 ಬಿತ್ತು, ಅದೇ ವರ್ಷ ಡಿಸ್ನಿ ಓಟಿಟಿಯಲ್ಲಿ ಒಂದು ಮೂರು ತಿಂಗಳಿಗೇ 147 ಕೋಟಿ ಡಾಲರ್ ನಷ್ಟ ತೋರಿಸಿತು. ಅಲ್ಲಿಂದ ಮತ್ತೆ ಶೇರುದಾರರು ಚಂದಾದಾರರ ಸಂಖ್ಯೆ ಕೇಳುದು ಬಿಟ್ಟು ಲಾಭ ಎಲ್ಲಿ ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು. ಖರ್ಚು ಕಡಿಮೆ ಮಾಡುವಾಗ ಇನ್ನೂ ಶುರುವೇ ಆಗದ ಭಾಷೆಗಳು ಮೊದ್ಲು ಪಟ್ಟಿಯಿಂದ ಹೊರಗೆ ಹೋಗ್ತವೆ. ಕನ್ನಡ ಸಿನಿಮಾಗಳಿಗೂ ಈಗ ಒಂದೇ ಗಂಟಿಗೆ ಹಕ್ಕು ತಗೊಳ್ಳುದು ಕಮ್ಮಿ, ಹಾಕಿ ಬಿಡಿ, ಜನ ಎಷ್ಟು ಗಂಟೆ ನೋಡ್ತಾರೋ ಅದ್ರ ಮೇಲೆ ಕೊಡ್ತೇವೆ ಅನ್ನುವ ಮಾತೇ ಜಾಸ್ತಿ.

ನಮ್ಮ ಊರಿನ ಉದಾಹರಣೆ ಕಣ್ಣೆದುರೇ ಉಂಟು. ಏಕಂ ಅಂತ ಏಳು ಕಥೆಗಳ ಸೀರೀಸ್, ಕರಾವಳಿಯದ್ದೇ ಕಥೆಗಳು, ಸುಮಂತ್ ಭಟ್ ಮತ್ತು ಅವ್ರ ಜೊತೆಯವರು ಮಾಡಿದ್ದು, ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ಅವ್ರ ಪರಂವಃ ಸ್ಟುಡಿಯೋ ಹಿಂದೆ ನಿಂತದ್ದು, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರು ನಟಿಸಿದ್ದು. ಇಷ್ಟೆಲ್ಲ ಇದ್ದೂ ಯಾವ ಓಟಿಟಿಯೂ ತಗೊಳ್ಲಿಲ್ಲ. ಕೊನೆಗೆ 2024ರ ಜುಲೈ 13ಕ್ಕೆ ತಮ್ಮದೇ ವೆಬ್‌ಸೈಟಿನಲ್ಲಿ 149 ರೂಪಾಯಿಗೆ ಬಿಟ್ರು. ಗಮನಿಸಿ, ಇಲ್ಲಿ ಚಂದಾ ಇಲ್ಲ, ಮತ್ತೆ ಟಿಕೆಟಿಗೇ ಬಂದದ್ದು, ಈ ಸೀರೀಸಿಗೆ ಕೊಟ್ಟದ್ದು ಈ ಸೀರೀಸಿಗೇ. ಆದ್ರೆ ನೀವು ಕೂತಿರುವ ಓಟಿಟಿಯಲ್ಲಿ ಕಣ್ಣಿಗೆ ಬೀಳುದೇ ಬೇರೆ, ಹುಡುಕಿಕೊಂಡು ಬೇರೆ ವೆಬ್‌ಸೈಟಿಗೆ ಹೋಗಿ ದುಡ್ಡು ಕಟ್ಟುದೇ ಬೇರೆ, ಪ್ರಚಾರದ ಖರ್ಚೆಲ್ಲ ಮಾಡಿದವರ ಮೇಲೆಯೇ. ಆ ಧೈರ್ಯಕ್ಕೆ ನನಗೆ ತುಂಬಾ ಗೌರವ ಉಂಟು, ಅಂಥದ್ದು ಬಂದಾಗ ನಮ್ಮ ಕಡೆಯವರು ದುಡ್ಡು ಕೊಟ್ಟೇ ನೋಡ್ಬೇಕು, ಟೆಲಿಗ್ರಾಂನಲ್ಲಿ ಲಿಂಕ್ ಹುಡುಕ್ಬಾರ್ದು.

ಪೂರ್ತಿ ಕತ್ತಲೆ ಅಂತಲ್ಲ. 2025ರಲ್ಲಿ ಜೀ5 ಅಯ್ಯನ ಮನೆ, ಆಮೇಲೆ ಶೋಧ ಅಂತ ಕನ್ನಡ ಒರಿಜಿನಲ್ ಸೀರೀಸ್ ತಂತು. ಯಾಕೆ ಜೀ5 ಅಂತ ಯೋಚನೆ ಮಾಡಿ, ಅವ್ರ ಹತ್ರ ಜೀ ಕನ್ನಡ ಚಾನೆಲ್ ಉಂಟು, ಸೀರಿಯಲ್ ನೋಡುವ ಲಕ್ಷಾಂತರ ಕನ್ನಡ ಮನೆಗಳು ಉಂಟು, ಅವ್ರಲ್ಲಿ ಹೆಚ್ಚಿನವರು ಹಿಂದಿ ಸೀರೀಸಿಗೆ ದುಡ್ಡು ಕೊಡುವವರಲ್ಲ. ಅಲ್ಲಿ ಕನ್ನಡದ್ದು ಹಾಕಿದ್ರೆ ನಿಜವಾಗಿ ಹೊಸ ಚಂದಾದಾರ ಸಿಗ್ತಾನೆ. ನಿಮ್ಮ ಅಣ್ಣ ಸ್ಕ್ರಿಪ್ಟ್ ತಗೊಂಡು ಹೋಗುವಾಗ ಇದನ್ನೇ ಮೊದ್ಲು ನೋಡ್ಲಿ, ಎಲ್ಲಿ ಕನ್ನಡದಿಂದ ಹೊಸ ಜನ ಬರ್ತಾರೋ ಅಲ್ಲಿ. ಕಥೆ ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ, ಇದನ್ನ ನೋಡ್ಲಿಕ್ಕೋಸ್ಕರವೇ ಯಾರು ದುಡ್ಡು ಕಟ್ತಾರೆ ಅನ್ನುದಕ್ಕೆ ಉತ್ತರ ಇಟ್ಕೊಂಡು ಹೋಗ್ಬೇಕು.

ಮಾತುಕತೆ ಮುಂದೆ ಹೋದ್ರೆ, ಖರ್ಚು ಪೂರ್ತಿ ಅವ್ರದ್ದಾದ್ರೆ ಹಕ್ಕು ಕೇಳುದು ಕಷ್ಟ, ಆದ್ರೂ ಕೆಲವು ಕೇಳ್ಬಹುದು. ಕಥೆಯನ್ನ ನಾಟಕ, ಪುಸ್ತಕ, ಯಕ್ಷಗಾನ ಪ್ರಸಂಗ ಮಾಡುವ ಹಕ್ಕು ಅವ್ರಿಗೆ ದೊಡ್ಡ ಉಪಯೋಗ ಇಲ್ಲ, ಕೇಳಿದ್ರೆ ಬಿಟ್ಟುಕೊಡುವ ಸಾಧ್ಯತೆ ಜಾಸ್ತಿ. ಎರಡನೇ ಸೀಸನ್ ಮಾಡಿದ್ರೆ ಮೊದ್ಲು ನಮ್ಮನ್ನೇ ಕರೀಬೇಕು, ಬೇರೆ ಭಾಷೆಗೆ ರೀಮೇಕ್ ಮಾಡಿದ್ರೆ ಇಷ್ಟು ಕೊಡ್ಬೇಕು ಅಂತ ಬರ್ಸಿಕೊಳ್ಳಿ. ಬರೆದವರ ಹೆಸರು ಎಲ್ಲಿ, ಎಷ್ಟು ಹೊತ್ತು ಬರ್ತದೆ ಅನ್ನುದನ್ನೂ. ಸ್ವಂತ ದುಡ್ಡಿನಲ್ಲಿ ಮಾಡಿ ಆಮೇಲೆ ಮಾರುದಾದ್ರೆ ಶಾಶ್ವತ ಅಂತ ಕೊಡ್ಲೇಬೇಡಿ, ಐದು ವರ್ಷವೋ ಏಳು ವರ್ಷವೋ ಅಂತ ಲೈಸೆನ್ಸ್ ಕೊಡಿ. ಸ್ಕ್ರಿಪ್ಟನ್ನ ಯಾರಿಗೂ ಕಳಿಸುವ ಮೊದ್ಲು ಕಾಪಿರೈಟ್ ರಿಜಿಸ್ಟರ್ ಮಾಡ್ಸಿ, ಕಳಿಸುದು ಇಮೇಲ್‌ನಲ್ಲೇ ಕಳಿಸಿ, ವಾಟ್ಸಾಪ್‌ನಲ್ಲಿ ಬೇಡ. ಡ್ರಾಫ್ಟ್ ಅಗ್ರಿಮೆಂಟ್ ಕೈಗೆ ಬಂದ್ರೆ ಮೊದಲ ಪುಟದ ದೊಡ್ಡ ಅಂಕಿ ನೋಡಿ ಸೈನ್ ಹಾಕುದು ಬೇಡ, ಕೊನೆಗೆ ಇರುವ ಡೆಲಿವರಿ ಶೆಡ್ಯೂಲ್ ಪುಟ ತೆಗೆದು ಒಂದೊಂದೇ ಐಟಂಗೆ ಖರ್ಚು ಬರ್ದು ನೋಡಿ, ಅದ್ರಲ್ಲಿ ಎಂ ಆಂಡ್ ಇ ಇದ್ರೆ ಶೂಟಿಂಗ್ ಶುರು ಆಗುವ ಮೊದ್ಲೇ ಸೌಂಡ್‌ನವರಿಗೆ ಹೇಳಿ, ಆಟದ ಸೀನ್ ಇದ್ರೆ ಹಿಮ್ಮೇಳಕ್ಕೆ ಬೇರೆ ಮೈಕ್ ಹಾಕ್ಲಿ.